ಗಂಧದ ಕಾಡು, ಕೆಮ್ಮಣ್ಣಿನ ಕಣಿವೆ

ನಮ್ಮ ಹಿರಿಯರು ‘ಕೊಯಮತ್ತೂರು ಜಿಲ್ಲೆ’ ಎಂದಾಗ ಅವರ ಮನಸ್ಸಿನಲ್ಲಿದ್ದ ನಕಾಶೆ ಇಂದಿನದಲ್ಲ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ರಚನೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ದಂಡೆಯ ಗೋಪಿನಾಥಂ, ಇವೆಲ್ಲಕ್ಕೂ ಜಿಲ್ಲಾ ಕಚೇರಿ ಇದ್ದದ್ದು ಕೊಯಮತ್ತೂರಿನಲ್ಲಿಯೇ. ಸತ್ಯಮಂಗಲ ಮತ್ತು ತಾಳವಾಡಿ ಇನ್ನೂ ಹೆಚ್ಚು ಕಾಲ ಇಲ್ಲಿಯೇ ಉಳಿದವು. 1979ರಲ್ಲಿ ಪೆರಿಯಾರ್ ಜಿಲ್ಲೆ ಎಂಬ ಹೆಸರಿನಿಂದ ಇಂದಿನ ಈರೋಡು ಜಿಲ್ಲೆ ಹುಟ್ಟಿದಾಗ ಅವು ಬೇರೆಯಾದವು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಕತ್ತರಿಸಿ ಹಂಚಿಹೋದ ಆ ದೊಡ್ಡ ಜಿಲ್ಲೆಯ ಉತ್ತರದ ಅಂಚಿನಲ್ಲಿ ಲೋಕವೇ ಬಯಸುವ ಒಂದು ಸಂಪತ್ತು ಬೆಳೆಯುತ್ತಿತ್ತು. ಅದು ಶ್ರೀಗಂಧ.

ಆ ಹಳೆಯ ನಕಾಶೆಯನ್ನು ಹರಡಿಕೊಂಡು ಕುಳಿತರೆ ಒಂದು ಸಂಗತಿ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. 2000ದ ಜುಲೈ 30ರ ರಾತ್ರಿ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. 1929ರಲ್ಲಿ ಹುಟ್ಟಿದ ವರನಟ, 1952ರಲ್ಲಿ ಗೋಪಿನಾಥಂನಲ್ಲಿ ಹುಟ್ಟಿದ ಗಂಧಚೋರ: ಇಬ್ಬರೂ ಜನಿಸಿದಾಗ ಅವರ ಊರುಗಳು ಕೊಯಮತ್ತೂರು ಜಿಲ್ಲೆಯ ಊರುಗಳೇ. ನವೆಂಬರ್ 15ರಂದು ಬಿಡುಗಡೆಯಾಗುವವರೆಗಿನ ಆ 108 ದಿನಗಳನ್ನು ತಮಿಳುನಾಡಿನ ಕನ್ನಡಿಗರೂ ಕರ್ನಾಟಕದ ತಮಿಳರೂ ಮರೆತಿರಲಾರರು. ಬೆಂಗಳೂರಿನಲ್ಲಿ ಏನಾದರೂ ಆದರೆ ಇಲ್ಲಿ ಏನಾದೀತು, ಇಲ್ಲಿ ಏನಾದರೂ ಆದರೆ ಅಲ್ಲಿ ಏನಾದೀತು ಎಂಬ ಭಯ ಎರಡೂ ಕಡೆ ಮನೆಮನೆಯಲ್ಲಿ ಇತ್ತು. 1991ರ ಡಿಸೆಂಬರ್‌ನ ಕಾವೇರಿ ಗಲಭೆಯ ಗಾಯ ಆಗಿನ್ನೂ ಪೂರ್ತಿ ಮಾದಿರಲಿಲ್ಲ.

ಒಬ್ಬ ಮರಗಳ್ಳನಿಗೆ ಎರಡು ರಾಜ್ಯಗಳನ್ನು, ಎರಡು ಭಾಷೆಗಳ ಜನರನ್ನು ಉಸಿರು ಬಿಗಿಹಿಡಿಯುವಂತೆ ಮಾಡುವ ಬಲ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ದಾರಿ ಆಫ್ರಿಕದ ವಜ್ರದ ಗಣಿಗಳವರೆಗೆ ಹೋಗುತ್ತದೆ. ತಿರುಗಿ ಬಂದರೆ ನಮ್ಮ ಮನೆಯ ಗೋಡೆಯ ಇಟ್ಟಿಗೆಯ ಬಳಿಯೇ ಬಂದು ನಿಲ್ಲುತ್ತದೆ.

ಮರ ಯಾರದು?

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ರಾಜ ಹೋದ, ಕಂಪನಿ ಬಂತು, ಅದೂ ಹೋಗಿ ಪ್ರಜಾರಾಜ್ಯ ಬಂತು. ಮರದ ಒಡೆತನದ ನಿಯಮ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ. ಅದನ್ನು ಕಡಿಯುವ ಹಕ್ಕು ಅವನಿಗಿಲ್ಲ. ಕಳುವಾದರೆ ಮಾತ್ರ ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸಬೇಕಾದವನು ಅವನೇ. ಇಂಥ ಮರವನ್ನು ಯಾವ ರೈತ ಪ್ರೀತಿಯಿಂದ ಬೆಳೆಸಿಯಾನು? ಚಿಗುರಿನಲ್ಲಿಯೇ ಕಿತ್ತೊಗೆದವರುಂಟು. ಬೆಳೆಸಿದವನಿಗೆ ಲಾಭವಿಲ್ಲ, ಕಾಯುವವನಿಗೆ ಅಲ್ಪ ಸಂಬಳ, ಕದ್ದವನಿಗೆ ಚಿನ್ನ: ಸಂಪತ್ತಿನ ಸುತ್ತ ಕಟ್ಟಿದ ಬೇಲಿ ಹೀಗಿದ್ದಾಗ ಅದನ್ನು ಹಾರುವ ಜಾಣನೊಬ್ಬ ಹುಟ್ಟದಿದ್ದರೆ ಆಶ್ಚರ್ಯ.

ವೀರಪ್ಪನ್ ಮೊದಲು ದಂತಕ್ಕಾಗಿ ಆನೆಗಳನ್ನು ಕೊಂದ. ದಂತದ ವ್ಯಾಪಾರಕ್ಕೆ ಜಗತ್ತಿನಾದ್ಯಂತ ಕಡಿವಾಣ ಬೀಳುತ್ತ ಬಂದ ಕಾಲಕ್ಕೆ ಗಂಧದ ಕಡೆ ಹೊರಳಿದ. ಗಂಧದ ತುಂಡುಗಳನ್ನು ಕಾಡಿನಿಂದ ಇಳಿಸಲು ಕೂಲಿಗಳು ಬೇಕು, ಬಂಡಿ ಲಾರಿಗಳು ಬೇಕು, ಚೆಕ್‌ಪೋಸ್ಟಿನಲ್ಲಿ ಕಣ್ಣು ಮುಚ್ಚುವವರು ಬೇಕು, ಕೊನೆಗೆ ಕೊಳ್ಳುವವರು ಬೇಕು. ಈ ಸರಪಳಿಯ ಒಂದು ತುದಿಯಲ್ಲಿದ್ದ ಮೀಸೆಯ ಮನುಷ್ಯನ ಚಿತ್ರ ದೇಶಕ್ಕೆಲ್ಲ ಗೊತ್ತು. ಇನ್ನೊಂದು ತುದಿಯಲ್ಲಿ ಹಣ ಎಣಿಸಿಕೊಟ್ಟು ಮರ ಪಡೆದವರ ಹೆಸರನ್ನು ಇಂದು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು?

1991ರ ನವೆಂಬರ್‌ನಲ್ಲಿ, ಶರಣಾಗತಿಯ ಮಾತನ್ನು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆಯಾಯಿತು. ಗೋಪಿನಾಥಂನ ಜನರಿಗೆ ಕುಡಿಯುವ ನೀರು, ಔಷಧಿ, ಮನೆಗಳ ಏರ್ಪಾಡು ಮಾಡಿ ಅವರ ವಿಶ್ವಾಸ ಗಳಿಸಿದ್ದ ಅಧಿಕಾರಿ ಅವರು. ಕಳ್ಳನಿಗೆ ಬಂದೂಕಿನವರಿಗಿಂತ ಹೆಚ್ಚು ಅಪಾಯಕಾರಿಯಾಗಿ ಕಂಡದ್ದು ಈ ವಿಶ್ವಾಸವೇ ಇರಬೇಕು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. 2002ರ ಆಗಸ್ಟ್‌ನಲ್ಲಿ ಅಪಹೃತರಾದ ಕರ್ನಾಟಕದ ಮಾಜಿ ಸಚಿವ ಎಚ್. ನಾಗಪ್ಪ ಡಿಸೆಂಬರ್‌ನಲ್ಲಿ ಹೆಣವಾಗಿ ಸಿಕ್ಕರು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡು ವಿಶೇಷ ಕಾರ್ಯಪಡೆಯ ಗುಂಡಿಗೆ ವೀರಪ್ಪನ್ ಬಲಿಯಾಗುವ ಹೊತ್ತಿಗೆ ಆ ಕಾಡಿನಲ್ಲಿ ಬೆಲೆಬಾಳುವ ಗಂಧದ ಮರ ಹುಡುಕುವುದೇ ಕಷ್ಟವಾಗಿತ್ತು.

ಎರಡು ಬಂದೂಕುಗಳ ನಡುವೆ

ಇದನ್ನು ಅಂತರ್ಯುದ್ಧವೆಂದು ಕರೆಯುವುದು ಅತಿಶಯೋಕ್ತಿ. ಆದರೆ ಕಾಡಂಚಿನ ಹಳ್ಳಿಗಳ ಪಾಲಿಗೆ ಅದು ಯುದ್ಧಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ರಾತ್ರಿ ಬಂದು ಅಕ್ಕಿ ಕೇಳುವ ಗುಂಪಿಗೆ ಇಲ್ಲವೆಂದರೆ ಸಾವು. ಕೊಟ್ಟರೆ ಬೆಳಗ್ಗೆ ಬರುವ ಪಡೆಯವರ ಕೈಯಲ್ಲಿ ಹಿಂಸೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸೋಲಿಗರ, ಕಾಡಂಚಿನ ತಮಿಳು ಕನ್ನಡ ಬಡ ರೈತರ ಬೆನ್ನ ಮೇಲೆ ನಿಜವಾಯಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಚಾರಣೆಯ ಹೆಸರಿನಲ್ಲಿ ಚಿತ್ರಹಿಂಸೆ ನಡೆಯುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿದ್ದಿತ್ತು. ಟಾಡಾ ಕಾಯಿದೆಯಡಿ ಬಂಧಿತರಾದ ಬಡವರು ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕಳೆದರು. ಅವರಲ್ಲಿ ಬಹುಪಾಲು ಮಂದಿ ಕೊನೆಗೆ ನಿರಪರಾಧಿಗಳೆಂದು ಬಿಡುಗಡೆಯಾದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಎರಡೂ ರಾಜ್ಯಗಳ ಸಂತ್ರಸ್ತರ ಅಹವಾಲು ಕೇಳಿತು. ಅದರ ವರದಿಯ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆಯೋಗ ಸೂಚಿಸಿತು.

ಇದೇ ಗಂಧದ ಹೆಸರಿನಲ್ಲಿ ನಡೆದ ಇನ್ನೂ ಘೋರವಾದ ಪ್ರಕರಣ ಧರ್ಮಪುರಿ ಜಿಲ್ಲೆಯ ವಾಚಾತ್ತಿಯದು. 1992ರ ಜೂನ್ 20ರಂದು ಬಚ್ಚಿಟ್ಟ ಗಂಧದ ಮರ ಹುಡುಕುವ ನೆಪದಿಂದ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಆ ಮಲೆವಾಸಿ ಹಳ್ಳಿಗೆ ನುಗ್ಗಿದರು. ಮನೆಗಳು ಧ್ವಂಸವಾದವು, 18 ಮಂದಿ ಹೆಣ್ಣುಮಕ್ಕಳು ಅತ್ಯಾಚಾರಕ್ಕೆ ಗುರಿಯಾದರು. ನ್ಯಾಯ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ 269 ಆರೋಪಿಗಳೆಲ್ಲರೂ ತಪ್ಪಿತಸ್ಥರೆಂದು ತೀರ್ಪಿತ್ತಿತು. ಅವರಲ್ಲಿ 54 ಮಂದಿ ಅಷ್ಟರಲ್ಲಿ ಸತ್ತುಹೋಗಿದ್ದರು. ಸರಿಯಾಗಿ ಹನ್ನೆರಡು ವರ್ಷಗಳ ಅನಂತರ, 2023ರ ಸೆಪ್ಟೆಂಬರ್ 29ರಂದು, ಮದ್ರಾಸ್ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ನಿಜವಾದ ಕಳ್ಳಸಾಗಣೆದಾರರನ್ನೂ ದೊಡ್ಡ ಕುಳಗಳನ್ನೂ ಉಳಿಸುವುದಕ್ಕಾಗಿ ಅಮಾಯಕರ ಮೇಲೆ ಈ ನಾಟಕ ನಡೆಯಿತು ಎಂಬರ್ಥದ ಮಾತನ್ನು ನ್ಯಾಯಾಲಯವೇ ಹೇಳಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಗಂಧದ ಹಣ ಭಾಷೆಯ ಬಾವುಟ ಹಿಡಿದ ಬಗೆಯನ್ನೂ ನಾವು ಕಂಡಿದ್ದೇವೆ. ರಾಜ್‌ಕುಮಾರ್ ಅವರನ್ನು ಒತ್ತೆಯಿಟ್ಟುಕೊಂಡಾಗ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರಿತ್ತು, ಕರ್ನಾಟಕದಲ್ಲಿ ತಮಿಳಿಗೆ ಸ್ಥಾನವಿತ್ತು, ಬೆಂಗಳೂರಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯ ಅನಾವರಣವಿತ್ತು, ಟಾಡಾ ಬಂದಿಗಳ ಬಿಡುಗಡೆಯಿತ್ತು. ಇವುಗಳಲ್ಲಿ ಕೆಲವು ನಿಜವಾದ ಜನರ ನಿಜವಾದ ದೂರುಗಳೇ. ಆದರೆ ಅವನ್ನು ಎತ್ತಿ ಹಿಡಿದ ಕೈ ಕದ್ದ ಮರದಿಂದ ಬೆಳೆದ ಕೈ. ನ್ಯಾಯವಾದ ನೋವು ಬಂದೂಕಿನವನ ಬಾಯಿಗೆ ಸಿಕ್ಕಾಗ ಆ ನೋವಿಗೂ ಮೈಲಿಗೆ. ಅದನ್ನು ಶಾಂತವಾಗಿ ಹೇಳುತ್ತಿದ್ದವರಿಗೂ ಅಪವಾದ. ಕೊನೆಗೆ ಅದೇ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೂ, ಕೆಲವೇ ದಿನಗಳ ಅನಂತರ ಸರ್ವಜ್ಞನ ಪ್ರತಿಮೆ ಚೆನ್ನೈಯಲ್ಲಿಯೂ ಅನಾವರಣಗೊಂಡವು. ಯಾರನ್ನೂ ಒತ್ತೆಯಿಡದೆ, ಎರಡು ಸರ್ಕಾರಗಳು ಕೂತು ಮಾತಾಡಿ ಆದ ಕೆಲಸ ಅದು.

ಕೆಸರಿನಲ್ಲಿ ಸಿಕ್ಕ ವಜ್ರ

ಒಂದು ಕಾಡಿನಲ್ಲಿ ನಡೆದುದು ಇಡೀ ದೇಶಕ್ಕೆ ಆದರೆ ಹೇಗಿರುತ್ತದೆಂಬುದನ್ನು ತಿಳಿಯಲು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶವನ್ನು ನೋಡಬೇಕು. ಅಲ್ಲಿಯ ವಜ್ರ ನದಿಯ ಕೆಸರಿನಲ್ಲಿಯೇ ಸಿಗುತ್ತದೆ. ಗುದ್ದಲಿ, ಜರಡಿ, ಸೊಂಟ ಮುಳುಗುವ ನೀರಿನಲ್ಲಿ ಬಾಗಿ ನಿಲ್ಲುವ ಬಡವ ಇದ್ದರೆ ಸಾಕು. ಆಳವಾದ ಸುರಂಗವಾಗಲಿ ದೊಡ್ಡ ಯಂತ್ರವಾಗಲಿ ಬೇಡ. ಹೀಗಾಗಿ ಆ ನೆಲವನ್ನು ಯಾರು ಬಂದೂಕು ಹಿಡಿದು ಕಾಯುತ್ತಾರೋ ಸಂಪತ್ತು ಅವರದು.

ಯುದ್ಧ ಶುರುವಾದದ್ದು 1991ರಲ್ಲಿ. ಆದರೆ ಅದರ ಬೀಜ ಬಿದ್ದದ್ದು ಇಪ್ಪತ್ತು ವರ್ಷ ಮೊದಲು. 1968ರಿಂದ 1985ರವರೆಗೆ ಆಳಿದ ಸಿಯಾಕಾ ಸ್ಟೀವನ್ಸ್ ಕಾಲದಲ್ಲಿ ವಜ್ರದ ಆದಾಯ ಸರ್ಕಾರದ ಖಜಾನೆಯನ್ನು ಬಿಟ್ಟು ಅಧ್ಯಕ್ಷನ ಆಪ್ತರ ಜೇಬಿಗೆ ಹರಿಯಿತು. ಲೆಕ್ಕದ ಪುಸ್ತಕವೇ ಕಥೆ ಹೇಳುತ್ತದೆ: 1970ರಲ್ಲಿ 20 ಲಕ್ಷ ಕ್ಯಾರೆಟ್‌ಗಿಂತ ಹೆಚ್ಚಿದ್ದ ಅಧಿಕೃತ ರಫ್ತು 1988ರಲ್ಲಿ 48,000 ಕ್ಯಾರೆಟ್‌ಗೆ ಇಳಿಯಿತು. ನದಿಯಲ್ಲಿ ವಜ್ರ ಬತ್ತಿರಲಿಲ್ಲ, ಲೆಕ್ಕ ಬತ್ತಿತ್ತು. ಶಾಲೆಯ ಉಪಾಧ್ಯಾಯನಿಗೆ ಸಂಬಳವಿಲ್ಲ, ಸೈನಿಕನಿಗೆ ಅಕ್ಕಿಯಿಲ್ಲ. ಆ ಹೊತ್ತಿಗೆ ನೆರೆಯ ಲೈಬೀರಿಯದಿಂದ ದಂಗೆಕೋರರು ಗಡಿ ದಾಟಿ ಬಂದರು. ಭ್ರಷ್ಟರನ್ನು ಓಡಿಸುತ್ತೇವೆ ಎಂಬುದು ಅವರ ಘೋಷಣೆ. ಕಣ್ಣು ಮಾತ್ರ ಕೋನೋ ಜಿಲ್ಲೆಯ ವಜ್ರದ ಮೇಲೆ. ಅವರು ಸಾಮಾನ್ಯ ಜನರ ಕೈಗಳನ್ನು ಕಡಿದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು. 2002ರ ಜನವರಿಯಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 50,000ಕ್ಕೂ ಹೆಚ್ಚು ಮಂದಿ ಸತ್ತಿದ್ದರೆಂಬ ಅಂದಾಜಿದೆ. ದಂಗೆಕೋರರಿಗೆ ನೆರವಿತ್ತು ವಜ್ರ ಪಡೆದ ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು 50 ವರ್ಷಗಳ ಸೆರೆವಾಸ ವಿಧಿಸಿತು.

ಪಾಲ್ ಕೋಲಿಯರ್ ಮತ್ತು ಆಂಕೆ ಹಫ್ಲರ್ ಎಂಬ ಅರ್ಥಶಾಸ್ತ್ರಜ್ಞರು ಇಂಥ ಹಲವಾರು ಅಂತರ್ಯುದ್ಧಗಳನ್ನು ಹೋಲಿಸಿ ನೋಡಿ ಒಂದು ವಾದ ಮಂಡಿಸಿದರು. ನೋವು, ಅಸಮಾಧಾನಗಳು ಬಹುತೇಕ ಎಲ್ಲ ನಾಡುಗಳಲ್ಲೂ ಇರುತ್ತವೆ. ಆದರೆ ಸಶಸ್ತ್ರ ದಂಗೆ ಏಳುವುದು ದಂಗೆಗೆ ಹಣ ಒದಗುವ ಕಡೆ. ಸುಲಭವಾಗಿ ದೋಚಬಲ್ಲ ಕಚ್ಚಾ ಸಂಪತ್ತು ಅಂಥ ಹಣವನ್ನು ಒದಗಿಸುತ್ತದೆ. ನೋವಿಗೆ ಬೆಲೆಯೇ ಕೊಡದ ವಾದವಿದು ಎಂದು ಆಕ್ಷೇಪಿಸಿದವರೂ ಇದ್ದಾರೆ; ಆ ಆಕ್ಷೇಪದಲ್ಲಿ ಸತ್ಯವಿದೆ. ನಮ್ಮ ಗಂಧದ ಕಾಡಿನ ಅನುಭವ ಎರಡನ್ನೂ ಕೂಡಿಸಿ ಹೇಳುತ್ತದೆ: ನೋವು ಕಟ್ಟಿಗೆಯಾದರೆ ಸಂಪತ್ತು ಎಣ್ಣೆ.

ಹಾಗಾದರೆ ಸಂಪತ್ತೇ ಶಾಪವೇ? ಅದೇ ಆಫ್ರಿಕದ ಬೋಟ್ಸ್‌ವಾನಾ ಇಲ್ಲವೆನ್ನುತ್ತದೆ. 1966ರಲ್ಲಿ ಸ್ವತಂತ್ರವಾದ ಆ ಬಡ ದೇಶದ ಓರಾಪಾ ಎಂಬಲ್ಲಿ ಮರುವರ್ಷವೇ ವಜ್ರದ ನಿಕ್ಷೇಪ ಪತ್ತೆಯಾಯಿತು. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಒಂದು ದೊಡ್ಡ ಬುಡಕಟ್ಟಿನ ಅರಸುಮನೆತನದವರು. ಖನಿಜದ ಹಕ್ಕು ಬುಡಕಟ್ಟುಗಳಿಗಿರಲಿ ಎಂದಿದ್ದರೆ ಅವರ ಕುಲವೇ ಕುಬೇರವಾಗುತ್ತಿತ್ತು. ಅವರು ಆ ಹಕ್ಕನ್ನು ಇಡೀ ದೇಶಕ್ಕೆ ಸೇರಿಸುವ ಕಾನೂನು ತಂದರು. ಗಣಿಯ ಆದಾಯ ಸರ್ಕಾರದ ಲೆಕ್ಕಕ್ಕೆ ಬಂತು. ಶಾಲೆ, ರಸ್ತೆ, ಆಸ್ಪತ್ರೆಗಳಾದವು. ಆ ನಾಡು ಇದುವರೆಗೆ ಅಂತರ್ಯುದ್ಧ ಕಂಡಿಲ್ಲ. ವಜ್ರ ಎರಡೂ ಕಡೆ ಒಂದೇ. ಬೇರೆಯಾದದ್ದು ಉಗ್ರಾಣದ ಬೀಗದ ಕೈ ಯಾರಲ್ಲಿದೆ, ಅದನ್ನು ಯಾರು ನೋಡುತ್ತಿದ್ದಾರೆ ಎಂಬುದು.

ಬಳ್ಳಾರಿಯ ಧೂಳು

ಬಂದೂಕಿಲ್ಲದೆಯೂ ನೆಲದ ಸಂಪತ್ತು ಆಳುವವರನ್ನು ಕೆಡಿಸಬಲ್ಲುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲಿರುಳೂ ಅದಿರಿನ ಲಾರಿಗಳು ಓಡಿದವು. ಹೊಲದ ಮೇಲೆ ಕೆಂಪು ಧೂಳು ಕೂತಿತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಗುರುತುಗಳನ್ನೇ ಅಳಿಸಿದರೆಂಬ ದೂರು ಬಂತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸಲ್ಲಿಸಿದ ವರದಿ ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದಿರಿನಲ್ಲಿ ಪಾಲು ಕೊಟ್ಟರೆ ಗಣಿಯಿಂದ ಬಂದರಿನವರೆಗೆ ಯಾವ ಅಧಿಕಾರಿಯೂ ತಡೆಯದಂತೆ ನೋಡಿಕೊಳ್ಳುವ ವ್ಯವಸ್ಥೆಯೊಂದು ನಡೆದಿತ್ತೆಂದು ಆ ವರದಿ ವಿವರಿಸಿತು. ಬೇಲೆಕೇರಿ ಬಂದರಿನಲ್ಲಿ ಸರ್ಕಾರವೇ ಮುಟ್ಟುಗೋಲು ಹಾಕಿದ್ದ ಅದಿರಿನ ರಾಶಿಯಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯಿತು!

ವರದಿಯ ನಾಲ್ಕನೆಯ ದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗಣಿ ಕಂಪನಿಯಿಂದ ಲಾಭ ಪಡೆದ ಆರೋಪದ ಮೊಕದ್ದಮೆಯಲ್ಲಿ 2016ರಲ್ಲಿ ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಅದೇ ಸಂಪುಟದಲ್ಲಿ ಸಚಿವರಾಗಿದ್ದ ಗಣಿ ಮಾಲೀಕ ಜಿ. ಜನಾರ್ದನ ರೆಡ್ಡಿ 2011ರ ಸೆಪ್ಟೆಂಬರ್‌ನಲ್ಲಿ ಸಿಬಿಐನಿಂದ ಬಂಧಿತರಾದರು. ಗಣಿಯ ಮಾಲೀಕನೇ ಮಂತ್ರಿಯಾದ ನಾಡಿನಲ್ಲಿ ಪರವಾನಗಿ ಕೊಡುವವನಾರು, ಪಡೆಯುವವನಾರು? ತೆರಿಗೆಯಿಂದ ನಡೆಯುವ ಸರ್ಕಾರ ತೆರಿಗೆ ಕೊಡುವವನ ಮುಖ ನೋಡಬೇಕು. ಅದಿರಿನ ಹಣದಿಂದ ಚುನಾವಣೆ ಗೆಲ್ಲುವವನು ಅದಿರಿನ ಲಾರಿಯ ಕಡೆ ನೋಡಿದರೆ ಸಾಕು.

ಈ ದೃಷ್ಟಿಯಿಂದ ನಮ್ಮ ಸಮುದಾಯಗಳ ಹಳೆಯ ಕಸುಬನ್ನು ನೆನೆಯಬೇಕು. ಇಲ್ಲಿಯ ದೇವಾಂಗರ ಮಗ್ಗವಾಗಲಿ, ಒಕ್ಕಲಿಗರ ಬೇಸಾಯವಾಗಲಿ ಮನುಷ್ಯನ ಕೈಯಿಲ್ಲದೆ ನಡೆಯುವಂಥದಲ್ಲ. 1888ರಲ್ಲಿ ಸ್ಟೇನ್ಸ್ ಮಿಲ್ ಬಂದಾಗಿನಿಂದ, 1930ರ ದಶಕದ ಆರಂಭದಲ್ಲಿ ಪೈಕಾರದ ವಿದ್ಯುತ್ ಹರಿದಾಗಿನಿಂದ ಕೊಯಮತ್ತೂರು ಬೆಳೆದದ್ದು ಹತ್ತಿ, ನೂಲು, ಯಂತ್ರಗಳಿಂದ. ಆ ಸಂಪತ್ತಿಗೆ ಕೆಲಸಗಾರ ಬೇಕು. ಅವನು ಕೈ ಕಟ್ಟಿ ಕೂತರೆ ಮಾಲೀಕನೂ ಮಾತಿಗೆ ಬರಬೇಕು. ಜಗಳಗಳು ಆದವು, ಮುಷ್ಕರಗಳಾದವು, ರಕ್ತವೂ ಹರಿದದ್ದುಂಟು. ಆದರೂ ಮಾತಿನ ದಾರಿ ಮುಚ್ಚಲಿಲ್ಲ. ನೆಲ ಅಗೆದು ತೆಗೆವ ಸಂಪತ್ತಿಗೆ ಈ ಹಂಗಿಲ್ಲ. ಆ ಬಗೆಯ ಸಂಪತ್ತು ಇತ್ತೀಚೆಗೆ ನಮ್ಮ ಊರಂಚಿಗೂ ಬಂದಿದೆ.

ತಡಾಗಂ ಕಣಿವೆಯ ಗುಂಡಿಗಳು

ಕೊಯಮತ್ತೂರಿನಿಂದ ವಾಯವ್ಯಕ್ಕೆ, ಕೇರಳದ ಗಡಿಯ ಆನೈಕಟ್ಟಿಗೆ ಹೋಗುವ ದಾರಿಯಲ್ಲಿ ಪಶ್ಚಿಮಘಟ್ಟದ ಮಡಿಲಲ್ಲಿ ತಡಾಗಂ ಕಣಿವೆಯಿದೆ. ಚಿನ್ನ ತಡಾಗಂ, 24 ವೀರಪಾಂಡಿ, ನಂಜುಂಡಾಪುರಂ, ಸೋಮಯಂಪಾಳೆಯಂ, ಪನ್ನಿಮಡೈ ಪಂಚಾಯಿತಿಗಳ ನೆಲದ ಕೆಮ್ಮಣ್ಣು ಇಟ್ಟಿಗೆಗೆ ಹೇಳಿ ಮಾಡಿಸಿದಂಥದು. ನಗರ ಬೆಳೆದಂತೆ ಇಟ್ಟಿಗೆ ಗೂಡುಗಳು ಬೆಳೆದವು. ಗುದ್ದಲಿಯಿಂದ ಅಗೆಯುವ ಕಾಲ ಹೋಗಿ ಜೆಸಿಬಿ ಯಂತ್ರಗಳು ಬಂದವು. ಹೊಲಗಳ ಜಾಗದಲ್ಲಿ ಬಾವಿಯಂಥ ಗುಂಡಿಗಳಾದವು. ಹಳ್ಳಗಳ ದಾರಿ ತಪ್ಪಿತು. ಆನೆಗಳು ತಲೆಮಾರುಗಳಿಂದ ನಡೆಯುತ್ತಿದ್ದ ದಾರಿ ತುಂಡಾಯಿತು; ಗೂಡುಗಳಿಗೆ ಸೌದೆಯಾಗಿ ತಂದಿಟ್ಟ ತಾಳೆಮರದ ತುಂಡುಗಳ ಆಸೆಗೆ ಅವು ಊರೊಳಗೆ ಬರತೊಡಗಿದವು. ರಾತ್ರಿ ಮನೆಯಿಂದ ಹೊರಬರಲು ಜನ ಹೆದರುವಂತಾಯಿತು.

ಇಷ್ಟು ಗೂಡುಗಳಿಗೆ ಮಣ್ಣು ಅಗೆಯುವ ಪರವಾನಗಿ ಇರಲಿಲ್ಲ ಎಂಬುದು ಬೆಳಕಿಗೆ ಬಂದದ್ದು ಕೆಲವು ಊರವರು ದೂರು ಬರೆದು, ದಾಖಲೆ ಕೇಳಿ, ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಹಗಲು ಹೊತ್ತಿನಲ್ಲಿ ಮುಖ್ಯರಸ್ತೆಯ ಪಕ್ಕದಲ್ಲಿಯೇ ಹೊಗೆಯಾಡುತ್ತಿದ್ದ ಗೂಡುಗಳು ಅವು. ಕಾಣದೆ ಇದ್ದದ್ದಲ್ಲ, ಕಂಡವರು ಕೇಳದೆ ಇದ್ದದ್ದು. 2021ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 186 ಗೂಡುಗಳಿಗೆ ಬೀಗ ಹಾಕಿತು. ಅಲ್ಲಿಗೆ ಕಥೆ ಮುಗಿಯಲಿಲ್ಲ. ಮಣ್ಣಿನ ಲಾರಿಗಳು ಪೇರೂರು, ಆಲಾಂದುರೈ ಕಡೆಗೆ ತಿರುಗಿದವೆಂಬ ದೂರುಗಳು ಬಂದವು. 2024ರಲ್ಲಿ ಕೊಯಮತ್ತೂರು ಜಿಲ್ಲೆಯ ಅಕ್ರಮ ಕೆಮ್ಮಣ್ಣು ಗಣಿಗಾರಿಕೆಯ ತನಿಖೆಗೆ ವಿಶೇಷ ತಂಡವೊಂದನ್ನು ಮದ್ರಾಸ್ ಹೈಕೋರ್ಟ್ ರಚಿಸಬೇಕಾಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತುಂಟು. ಗೂಡುಗಳಿಗೆ ಬೀಗ ಬಿದ್ದ ದಿನ ಮಣ್ಣು ತುಳಿದು, ಇಟ್ಟಿಗೆ ಹೊತ್ತು ಬದುಕುತ್ತಿದ್ದವರ ಕೂಲಿಗೂ ಬೀಗ ಬಿತ್ತು. ಅವರಲ್ಲಿ ಕಣಿವೆಯ ಇರುಳರೂ ಇದ್ದರು, ದೂರದ ಜಿಲ್ಲೆಗಳಿಂದ ಬಂದವರೂ ಇದ್ದರು. ಅಕ್ರಮದ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಅದರ ಅಂತ್ಯದ ನಷ್ಟದಲ್ಲಿ ಮಾತ್ರ ಪಾಲು ಬಂತು. ಗಂಧದ ಕಾಡಿನ ಕೂಲಿಯವನಿಗೆ ಆದದ್ದೂ ಇದೇ.

ನೊಯ್ಯಲ್ ಹೇಳುವ ಮಾತು

ತಿರುಪ್ಪೂರಿನವರಿಗೆ ಇದರ ಇನ್ನೊಂದು ಮುಖ ಗೊತ್ತು. ವೆಳ್ಳಿಯಂಗಿರಿಯಲ್ಲಿ ಹುಟ್ಟಿ ಕಾವೇರಿಗೆ ಸೇರುವ ನೊಯ್ಯಲ್ ನದಿಯ ನೀರನ್ನು ಬನಿಯನ್ ಉದ್ಯಮದ ಬಣ್ಣದ ಕಾರ್ಖಾನೆಗಳು ಬೆಲೆಯಿಲ್ಲದ ಸಂಪತ್ತೆಂದು ಬಳಸಿದವು. ರೈತರಿಗಾಗಿ ಒರತ್ತುಪಾಳೆಯಂ ಬಳಿ ಕಟ್ಟಿದ ಅಣೆಕಟ್ಟು 1992ರಲ್ಲಿ ಮುಗಿಯಿತು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ನೀರಿನ ಹೊಂಡವಾಯಿತು. ನೀರು ಕೊಡಿ ಎನ್ನಬೇಕಾದ ರೈತರೇ ಅಲ್ಲಿ ನೀರು ನಿಲ್ಲಿಸಬೇಡಿ ಎಂದು ಬೇಡಿಕೊಂಡರು. ಅವರ ಹೋರಾಟ ನ್ಯಾಯಾಲಯದ ದಾರಿ ಹಿಡಿಯಿತು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನೆಲ್ಲ ಮುಚ್ಚಲು ಆಜ್ಞಾಪಿಸಿತು. ತಿಂಗಳುಗಟ್ಟಲೆ ಊರು ಒದ್ದಾಡಿತು. ಸಾವಿರಾರು ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಬಳಿಕ ತ್ಯಾಜ್ಯನೀರನ್ನು ನದಿಗೆ ಬಿಡದೆ ಶುದ್ಧಗೊಳಿಸಿ ಮತ್ತೆ ಬಳಸುವ ಷರತ್ತಿನ ಮೇಲೆ ಕಾರ್ಖಾನೆಗಳು ಒಂದೊಂದಾಗಿ ತೆರೆದವು. ನದಿ ಪೂರ್ತಿ ಶುದ್ಧವಾಯಿತೆಂದು ದಂಡೆಯವರು ಯಾರೂ ಹೇಳುವುದಿಲ್ಲ. ಆದರೆ ರೈತನಿಗೂ ಉದ್ಯಮಿಗೂ ನಡುವಿನ ಕದನ ಕೋರ್ಟಿನ ಕಟಕಟೆಯಲ್ಲಿ ನಡೆಯಿತೇ ಹೊರತು ಕತ್ತಲೆಯ ಕಾಡಿನಲ್ಲಿ ಅಲ್ಲ. ಅಷ್ಟರಮಟ್ಟಿಗೆ ಅದು ಗೆಲುವು.

ಬೀಗದ ಕೈ ಎಲ್ಲರ ಕಣ್ಣೆದುರಿಗೆ

ಗಂಧದ ವಿಷಯದಲ್ಲಿಯೂ ಕೊನೆಗೆ ಬುದ್ಧಿ ಬಂತು. 2001ರಲ್ಲಿ ಕರ್ನಾಟಕ, 2002ರಲ್ಲಿ ತಮಿಳುನಾಡು ಅರಣ್ಯ ಕಾಯಿದೆಗಳನ್ನು ತಿದ್ದಿ, ಸ್ವಂತ ಜಮೀನಿನ ಗಂಧದ ಮರ ಜಮೀನಿನವನದೇ ಎಂದು ಒಪ್ಪಿಕೊಂಡವು. ಕಡಿಯಲು, ಮಾರಲು ಇಂದಿಗೂ ನಿಯಮಗಳ ತೊಡಕುಂಟು. ಆದರೂ ಇನ್ನೂರು ವರ್ಷಗಳ ಅನಂತರ ರೈತ ಗಂಧದ ಸಸಿಯನ್ನು ಕೀಳದೆ ನೆಡುವ ಕಾಲ ಬಂದಿದೆ. ಈ ತಿದ್ದುಪಡಿ ಮೂವತ್ತು ವರ್ಷ ಮೊದಲೇ ಆಗಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ!

ನಮ್ಮಂಥ ಅಲ್ಪಸಂಖ್ಯಾತರು ಇಂಥ ವಿಷಯ ಬಂದಾಗ ‘ನಮಗೇಕೆ ಊರ ಉಸಾಬರಿ’ ಎಂದು ಸರಿದು ನಿಲ್ಲುವುದುಂಟು. ಗ್ರಾಮಸಭೆಯಲ್ಲಿ ಎದ್ದು ನಿಂತರೆ ನಮ್ಮ ತಮಿಳಿನ ಉಚ್ಚಾರವನ್ನು ಯಾರಾದರೂ ಆಡಿಕೊಂಡಾರು ಎಂಬ ಸಂಕೋಚವೂ ಉಂಟು. ಆದರೆ 2000ದ ಆ 108 ದಿನಗಳು ಕಲಿಸಿದ ಪಾಠ ಬೇರೆ. ಲೆಕ್ಕವಿಲ್ಲದ ಸಂಪತ್ತು ಬೆಳೆಸಿದ ಶಕ್ತಿ ಒಂದು ದಿನ ಯಾವುದಾದರೊಂದು ಬಾವುಟ ಹಿಡಿದೇ ಹಿಡಿಯುತ್ತದೆ: ಜಾತಿಯದಾಗಲಿ, ಭಾಷೆಯದಾಗಲಿ. ಆಗ ಮೊದಲ ಏಟು ಬೀಳುವುದು ಸಂಖ್ಯೆಯಲ್ಲಿ ಕಡಿಮೆ ಇರುವವರ ಮೇಲೆ. ಆದುದರಿಂದ ಊರಿನ ಮಣ್ಣಿನ ಲೆಕ್ಕ ಕೇಳುವುದು ನಮ್ಮನ್ನು ನಾವು ಕಾದುಕೊಳ್ಳುವ ಕೆಲಸವೂ ಹೌದು.

ಕೇಳುವುದು ಕಷ್ಟವೇನಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ತಮಿಳುನಾಡಿನ ಪಂಚಾಯಿತಿಗಳಲ್ಲಿ ಗ್ರಾಮಸಭೆ ಕೂಡುತ್ತದೆ. ನಮ್ಮ ಪಂಚಾಯಿತಿಯ ಎಲ್ಲೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಕಲ್ಲು ಕ್ವಾರಿಗೆ, ಮಣ್ಣಿಗೆ ಪರವಾನಗಿ ಇದೆ? ಎಷ್ಟು ಆಳಕ್ಕೆ, ಎಷ್ಟು ವರ್ಷಕ್ಕೆ? ಅಗೆದ ಗುಂಡಿಯನ್ನು ಮುಚ್ಚುವವರು ಯಾರು? 2015ರ ಕಾನೂನಿನಂತೆ ಗಣಿ ಬಾಧಿತ ಊರುಗಳಿಗಾಗಿ ಜಿಲ್ಲೆಯಲ್ಲಿ ಕೂಡಿಡುವ ಖನಿಜ ನಿಧಿಯಿಂದ ನಮ್ಮ ಊರಿಗೆ ಬಂದದ್ದೆಷ್ಟು? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿದೆ. ತಡಾಗಂ ಕಣಿವೆಯಲ್ಲಿ ನಡೆದದ್ದು ಇಂಥ ಪ್ರಶ್ನೆಗಳಿಂದಲೇ. ಅವನ್ನು ಕೇಳಿದವರು ಮಂತ್ರಿಗಳೂ ಅಲ್ಲ, ಸೇನಾನಿಗಳೂ ಅಲ್ಲ.

ನೇಕಾರನ ಮನೆಯಲ್ಲಿ ನೂಲಿನ ಲೆಕ್ಕ ತಪ್ಪಿದರೆ ಸೀರೆಯ ಅಂಚು ಸೊಟ್ಟಗಾಗುತ್ತದೆಂಬುದು ಮಕ್ಕಳಿಗೂ ಗೊತ್ತು. ಮಣ್ಣಿನ ಲೆಕ್ಕ ತಪ್ಪಿದಾಗ ಸೊಟ್ಟಗಾಗುವುದು ನಾಡಿನ ಬಾಳುವೆ. ಆ ಲೆಕ್ಕವನ್ನು ಬರುವ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಲಿ; ತಮಿಳಿನಲ್ಲಿಯೇ ಕೇಳಲಿ, ಉಚ್ಚಾರ ಹೇಗಾದರೂ ಇರಲಿ.